ದೀರ್ಘ ಬಿಟ್ಟ ಸಾಲು

ಶಾಲೆಯ ಆಟದ ಸಾಮಾನಿನ ಕೋಣೆ,
ಗುರುವಾರ, ಸೆಪ್ಟೆಂಬರ್ ೧೪

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಆರೋಗ್ಯವಾಗಿದ್ದೀಯ ತಾನೇ? ಇಂಜಿನ್ ರೂಮಿನ ಸೆಕೆಗೆ ಕತ್ತಿನ ಹಿಂದೆ ಏಳುತ್ತಿದ್ದ ಗುಳ್ಳೆಗಳು ಕಡಿಮೆಯಾದವೇ? ಕನ್ನಡಕದ ಕಡ್ಡಿಗೆ ಇನ್ನೂ ತಂತಿಯನ್ನೇ ಸುತ್ತಿಕೊಂಡು ತಿರುಗುತ್ತಿದ್ದೀಯೋ, ಹೊಸದು ಮಾಡಿಸಿಕೊಂಡೆಯೋ? ಹಡಗಿನ ಇಂಜಿನ್ನನ್ನೇ ಬಿಚ್ಚಿ ಜೋಡಿಸುವ ಫಿಟ್ಟರಿಗೆ ತನ್ನ ಮೂಗಿನ ಮೇಲಿನ ಒಂದು ತಿರುಪು ಬಿಗಿ ಮಾಡಲು ಪುರುಸೊತ್ತಿಲ್ಲವೆಂದರೆ ಯಾರು ನಂಬುತ್ತಾರೆ. ನೀನು ನಾಳೆಯೇ ಉತ್ತರ ಬರೆಯುವವನ ಹಾಗೆ ಇದನ್ನೆಲ್ಲ ಕೇಳುತ್ತಿದ್ದೇನೆ, ನೋಡು. ಮೇ ತಿಂಗಳಿಂದ ಈಚೆಗೆ ನಿನ್ನ ಪತ್ರವಿಲ್ಲ, ಫೋನಿಲ್ಲ. ಹಡಗಿನ ಕಂಪನಿಗೆ ಫೋನ್ ಮಾಡಿದಾಗಲೆಲ್ಲ ಅಲ್ಲಿಯ ಹುಡುಗಿ, "ಹಡಗಿನ ಸಂಪರ್ಕ ಸಿಕ್ಕಿಲ್ಲ ಮೇಡಂ, ಸಿಕ್ಕ ಕೂಡ್ಲೇ ನಾವೇ ಹೇಳ್ತೀವಿ" ಎಂದು ಗಿಣಿಪಾಠ ಒಪ್ಪಿಸುತ್ತಿದ್ದಳು. ಹೋದ ವಾರ ಮಾತ್ರ ಅವಳ ದನಿ ಮೆತ್ತಗಾಗಿತ್ತು. "ಒಂದು ಕಾಗದ ಬರೆದುಕೊಡಿ, ಮುಂದಿನ ಬಂದರಿಗೆ ಕಳಿಸಿರ್ತೀವಿ" ಎಂದಳು. ಅವಳು ಸಿಡುಕಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಅಮ್ಮ ಗಟ್ಟಿಯಾಗಿದ್ದಾಳೆ. ಎರಡೂ ಕಣ್ಣಿನ ಪೊರೆ ಬಲಿತಿದೆ; ಎದುರಿಗೆ ನಿಂತವರು ಬರೀ ನೆರಳಿನಂತೆ ಕಾಣುತ್ತಾರಂತೆ. ಆಪರೇಷನ್ ಮಾತೆತ್ತಿದರೆ "ಅವನು ಬರ್ಲಿ, ಆಮೇಲೆ ನೋಡೋಣ" ಎನ್ನುತ್ತಾಳೆ. ಊರವರ ಮಕ್ಕಳ ಕಣ್ಣನ್ನೆಲ್ಲ ನೋಡುವ ಮಗಳು ಮನೆಯಲ್ಲೇ ಇದ್ದರೂ ಅವಳಿಗೆ ಸಮುದ್ರದ ಮೇಲಿರುವ ಮಗನೇ ಬೇಕು. ಸಂಪರ್ಕ ತಪ್ಪಿದ ವಿಷಯವನ್ನು ಅವಳಿಗೆ ತಿಳಿಸಿಲ್ಲ. ಹಡಗು ರಿಪೇರಿಗೆ ನಿಂತಿದೆ ಎಂದಿದ್ದೇನೆ. "ರಿಪೇರಿ ಮಾಡೋನು ಇವನೇ ತಾನೇ, ಬೇಗ ಮುಗಿಸೋಕೆ ಏನು ಧಾಡಿ" ಎಂದು ದಿನಾ ನಿನಗೆ ಬೈಗುಳ ಬೀಳುತ್ತಿದೆ. ಆ ಬೈಗುಳ ಕೇಳಿಸಿಕೊಂಡು ಒಳಗೆ ಹೋಗಿ ಮುಖ ತೊಳೆದುಕೊಂಡು ಬರುವುದು ನನ್ನ ದಿನಚರಿಯಾಗಿದೆ.

ನಾನು ಈಗಲೂ ಡಾಕ್ಟರಮ್ಮನ ಸಂಶೋಧನೆಯಲ್ಲೇ ಇದ್ದೇನೆ. ಶಾಲೆಯ ಅರ್ಧ ತರಗತಿಗಳ ಮಕ್ಕಳನ್ನು ದಿನಕ್ಕೊಂದು ಗಂಟೆ ಹೆಚ್ಚಾಗಿ ಬಯಲಿಗೆ ಬಿಡುವುದು, ಉಳಿದವರನ್ನು ಎಂದಿನಂತೆ ಕೂರಿಸುವುದು, ಆಗಾಗ ಎಲ್ಲರ ಕಣ್ಣು ಪರೀಕ್ಷಿಸಿ ಯಾರಿಗೆ ದೂರದ್ದು ಕಾಣುವುದು ಕಡಿಮೆಯಾಗುತ್ತಿದೆ ಎಂದು ನೋಡುವುದು. ಬೆಳಕಿನಲ್ಲಿ ಆಡಿದ ಮಕ್ಕಳ ಕಣ್ಣು ಚೆನ್ನಾಗಿ ಉಳಿಯುತ್ತದೆ ಎಂಬುದನ್ನು ತೋರಿಸಿಕೊಡಬೇಕೆಂದು ಡಾಕ್ಟರಮ್ಮನಿಗೆ ಆಸೆ. ಪರೀಕ್ಷೆಗೆಂದು ನಮಗೆ ಆಟದ ಸಾಮಾನಿನ ಕೋಣೆ ಬಿಟ್ಟುಕೊಟ್ಟಿದ್ದಾರೆ. ಒಂದು ಮೂಲೆಯಲ್ಲಿ ಗಾಳಿ ಹೋದ ಚೆಂಡುಗಳು, ಇನ್ನೊಂದು ಮೂಲೆಯಲ್ಲಿ ಸುರುಳಿ ಸುತ್ತಿದ ಚಾಪೆಗಳು, ಎಲ್ಲದಕ್ಕೂ ರಬ್ಬರಿನ ವಾಸನೆ. ತನ್ನ ಚೆಂಡಿಗೆ ತಾನೇ ಅಪ್ಪಣೆ ಕೇಳಬೇಕಾಗಿದೆ ಎಂದು ಡ್ರಿಲ್ ಮೇಷ್ಟ್ರಿಗೆ ಸಿಟ್ಟು. ಎದುರು ಗೋಡೆಯಲ್ಲಿ ಒಳಗಿನಿಂದ ದೀಪ ಉರಿಯುವ ಪೆಟ್ಟಿಗೆ, ಅದರ ಮೇಲೆ ಅಕ್ಷರಗಳ ಚಾರ್ಟು. ಮೇಲಿನ ಸಾಲು ಅಂಗೈಯಗಲ, ಕೆಳಗಿಳಿದಂತೆ ಸಣ್ಣದಾಗುತ್ತಾ ಏಳನೆಯ ಸಾಲು ಇರುವೆಯಷ್ಟು. ಅದರ ಕೆಳಗೆ ಬರೀ ಬಿಳುಪು. ಕೊಂಬು, ದೀರ್ಘ ಹಚ್ಚಿದರೆ ಸಣ್ಣವರು ತಡವರಿಸುತ್ತಾರೆಂದು ಡಾಕ್ಟರಮ್ಮ ಬರೀ ತಲೆಕಟ್ಟಿನ ಅಕ್ಷರಗಳನ್ನೇ ಹಾಕಿಸಿದ್ದಾರೆ. ಗ, ದ, ರ, ಮ, ಹೀಗೆ. ನಿನಗೆಂದೇ ಹೇಳಿ ಮಾಡಿಸಿದ ಚಾರ್ಟು ಎಂದು ಮೊದಲ ದಿನವೇ ನನಗೆ ನಗು ಬಂದಿತ್ತು.

ದೀರ್ಘಕ್ಕೂ ನಿನಗೂ ಯಾವತ್ತು ಆಗಿಬಂದಿತ್ತು ಹೇಳು. ನಿನ್ನ ಕಣ್ಣು ಮಂಜೆಂದು ಮನೆಯಲ್ಲಿ ಯಾರಿಗೂ ತಿಳಿಯದ ಕಾಲದಲ್ಲಿ ಕರಿಹಲಗೆಯ ಅಕ್ಷರದ ಪಕ್ಕದ ಆ ಸಣ್ಣ ಬಾಲ ನಿನಗೆ ಕಾಣುತ್ತಲೇ ಇರಲಿಲ್ಲ. 'ರಾಜ' ನಿನ್ನ ಪುಸ್ತಕದಲ್ಲಿ 'ರಜ' ಆಗುತ್ತಿದ್ದ, 'ಕಾಗೆ' 'ಕಗೆ' ಆಗುತ್ತಿತ್ತು. ಮೇಷ್ಟ್ರು ನಿನಗೆ ದೀರ್ಘನುಂಗಣ್ಣ ಎಂದು ಹೆಸರಿಟ್ಟರು. ಇಬ್ಬರೂ ಒಂದೇ ಕೋಣೆಯಲ್ಲಿ ಕೂರುತ್ತಿದ್ದ ಆ ಒಂದು ವರ್ಷ ಹಲಗೆಯ ಮೇಲಿರುವುದನ್ನೆಲ್ಲ ನಾನು ನಿನ್ನ ಕಿವಿಯಲ್ಲಿ ಓದುತ್ತಿದ್ದೆ. ಕನ್ನಡಕ ಬಂದ ಮೇಲೂ ಆ ಚಾಳಿ ಬಿಡಲಿಲ್ಲ ನಿನಗೆ. ಕಳೆದ ಪತ್ರದಲ್ಲೂ 'ನನು ಚೆನ್ನಗಿದ್ದೆನೆ' ಎಂದು ಬರೆದಿದ್ದೆ. ಮೆಟ್ಟಿಲನ್ನು ನಡೆದು ಇಳಿದದ್ದೇ ಇಲ್ಲವೆಂದು ನೀನು ನನಗಿಟ್ಟ ಹೆಸರು ಒಂದಿತ್ತಲ್ಲ, ಅದೊಂದನ್ನು ಮಾತ್ರ ತಪ್ಪಿಲ್ಲದೆ ಬರೆಯುತ್ತಿದ್ದೆ. ದಡಬಡ. ಅದರಲ್ಲಿ ನುಂಗಲು ದೀರ್ಘವೇ ಇಲ್ಲವಲ್ಲ. ಆ ಹೆಸರು ಅಮ್ಮನ ಬಾಯಲ್ಲೂ ಬಂದಿಲ್ಲ, ಈ ಶಾಲೆಯಲ್ಲಂತೂ ಯಾರಿಗೂ ಗೊತ್ತಿಲ್ಲ. ಇಲ್ಲಿ ನಾನು ಕಣ್ಣಿನ ಮಿಸ್.

ಇನ್ನು ಹೇಳಬೇಕಾದದ್ದಕ್ಕೆ ಬರುತ್ತೇನೆ. ನಗಬೇಡ. ಹೋದ ಸೋಮವಾರ ಎರಡು ಜಡೆಯ ಒಂದು ಪುಟ್ಟಿ ಬಂದಳು. ಮುಂದಿನ ಹಲ್ಲೆರಡು ಬಿದ್ದಿವೆ, ಕಣ್ಣು ತುಂಬಾ ಮಂದ, ನಿನ್ನ ಹಾಗೆಯೇ ಕಣ್ಣು ಕಿರಿದು ಮಾಡಿ ನೋಡುತ್ತಾಳೆ. ಎರಡನೆಯ ಸಾಲಿಗೇ ನಿಂತಳು. ಸಾಕು, ಎದ್ದೇಳು ಎನ್ನುವಷ್ಟರಲ್ಲಿ, "ಕೆಳಗಡೇದು ಕಾಣ್ತದೆ ಮಿಸ್, ಓದ್ಲಾ?" ಎಂದಳು. ಓದು ಎಂದೆ. ಬೆರಳು ನೆಟ್ಟಗೆ ಕೆಳಗಿನ ಬಿಳುಪಿನ ಕಡೆಗೆ ಚಾಚಿ, ದ, ಡ, ಬ, ಡ ಎಂದು ಒಂದೊಂದಾಗಿ ಹೇಳಿದಳು. ನನ್ನ ಕೈಯಲ್ಲಿದ್ದ ಕಣ್ಣು ಪರೀಕ್ಷೆಯ ಗಾಜಿನ ಬಿಲ್ಲೆ ಕೆಳಗೆ ಬಿತ್ತು. ಮಕ್ಕಳ ಚೇಷ್ಟೆ ಇರಬೇಕೆಂದು ಗದರಿದೆ. ಅವಳ ಕಣ್ಣಲ್ಲಿ ನೀರು ಬಂತು, ಪಾಪ. ಅವಳ ಹಿಂದೆ ಬಂದವನು ಏಳೂ ಸಾಲನ್ನು ಪಟಪಟನೆ ಓದಿದ, ಕೆಳಗೆ ಏನೂ ಇಲ್ಲ ಎಂದ. ಉಸಿರು ಬಂತು ನನಗೆ. ಅವನ ನಂತರದವನಿಗೆ ದಪ್ಪ ಕನ್ನಡಕ. ಅದನ್ನು ತೆಗೆಸಿ ಕೂರಿಸಿದರೆ ಗೋಡೆಯ ಮೇಲೆ ಪೆಟ್ಟಿಗೆ ಇರುವುದೇ ಅವನಿಗೆ ಸರಿಯಾಗಿ ಗೊತ್ತಾಗದು. ಆದರೂ ಅದೇ ನಾಲ್ಕು ಅಕ್ಷರ, ಅದೇ ಕ್ರಮದಲ್ಲಿ.

ಆ ವಾರವಿಡೀ ಹೀಗೇ ಆಯಿತು. ಚೆನ್ನಾಗಿ ಕಾಣುವ ಮಕ್ಕಳಿಗೆ ಕೆಳಗೆ ಬಿಳುಪು. ಕಣ್ಣು ಕೆಟ್ಟವರಿಗೆ ಅಲ್ಲಿ ಒಂದು ಸಾಲು. ಕೆಟ್ಟಷ್ಟೂ ಸ್ಪಷ್ಟ. ಡಾಕ್ಟರಮ್ಮ ಮೊದಲು ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದಾರೆ ಎಂದರು. ಬೇರೆ ಚಾರ್ಟು ತಂದರು, ಆಡಲು ಬಿಡುವ ಮೊದಲೇ ಒಬ್ಬೊಬ್ಬರನ್ನಾಗಿ ಕರೆಸಿದರು. ಚಾರ್ಟು ಬದಲಾದರೂ ಕೆಳಗಿನ ಸಾಲು ಬದಲಾಗಲಿಲ್ಲ. ಅಚ್ಚಿನ ದೋಷವೆಂದು ಸ್ಪಿರಿಟ್ ಹತ್ತಿಯಲ್ಲಿ ತಿಕ್ಕಿದರು. ಕೊನೆಗೆ ಆ ಜಾಗಕ್ಕೆ ಕಪ್ಪು ಕಾಗದ ಅಂಟಿಸಿದರು. ಅವತ್ತು ಹಲ್ಲಿಲ್ಲದ ಪುಟ್ಟಿ ಕೂತವಳೇ ಸಂತೋಷದಿಂದ, "ಈಗ ಬೆಳ್ಳಗೆ ಕಾಣ್ತದೆ ಮಿಸ್, ಚೆನ್ನಾಗಿದೆ" ಎಂದಳು. ಡಾಕ್ಟರಮ್ಮ ಆ ಕಾಗದವನ್ನು ಕಿತ್ತು ತೆಗೆದರು. ಅವರಿಗೆ ಅವರ ಸಂಶೋಧನೆಯ ಚಿಂತೆ. ಅವರಿಗೆ ನನ್ನ ಅಡ್ಡಹೆಸರು ಗೊತ್ತಿಲ್ಲ, ನಾನು ಹೇಳಲೂ ಇಲ್ಲ. ಮಕ್ಕಳೆಲ್ಲ ಹೋದ ಮೇಲೆ ನಾನೊಬ್ಬಳೇ ಆ ಸ್ಟೂಲಿನ ಮೇಲೆ ಕೂತು ನೋಡಿದೆ. ಕಣ್ಣು ಕಿರಿದು ಮಾಡಿದೆ, ಮಂಜು ಮಾಡುವ ಬಿಲ್ಲೆ ಹಾಕಿಕೊಂಡೂ ನೋಡಿದೆ. ಏನೂ ಕಾಣಲಿಲ್ಲ. ಹಿಂದೆ ನಿನಗೆ ಕಾಣದ್ದನ್ನೆಲ್ಲ ನಾನು ಓದಿ ಹೇಳುತ್ತಿದ್ದೆ. ಈಗ ನೀನು ಬರೆದದ್ದನ್ನು ನನಗೆ ಓದಿ ಹೇಳಲು ಊರವರ ಮಕ್ಕಳು ಬೇಕಾಯಿತು. ಅಲ್ಲೇ ಕೂತು ಅತ್ತೆ, ಅಣ್ಣಾ.

ಈ ಸೋಮವಾರ ಸಾಲು ಬದಲಾಯಿತು. ಬ, ರ, ಲ. ಓದಿದವರೆಲ್ಲ ಅದನ್ನೇ ಓದಿದರು. "ಬರಲ ಅಂದ್ರೇನು? ಅರ್ಥವೇ ಇಲ್ಲವಲ್ಲ" ಎಂದು ಡಾಕ್ಟರಮ್ಮನಿಗೆ ಸಮಾಧಾನವೇ ಆಯಿತು. ಅರ್ಥವಿಲ್ಲದ್ದು ತಾನಾಗಿ ಹೋಗುತ್ತದೆ ಎಂದು ಅವರ ಎಣಿಕೆ. ನನಗೆ ಮಾತ್ರ ಅರ್ಥವಾಯಿತು. ದೀರ್ಘ ನುಂಗಿದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಬರಲಾ? ನೀನು ಅದನ್ನೇ ಕೇಳುತ್ತಿದ್ದೀಯ.

ಆದರೆ ಯಾವ ಬರಲಾ, ಅಣ್ಣಾ? ರಜೆಗೆಂದು ಊರಿಗೆ ಬಂದಾಗಲೆಲ್ಲ ಬೀಗರ ಹಾಗೆ ಹೊಸ್ತಿಲಾಚೆ ನಿಂತು, ಚೀಲ ಕೆಳಗಿಡದೆ, "ಬರ್ಲಾ?" ಎಂದು ಕೇಳುತ್ತಿದ್ದೆ. ಅಮ್ಮ ಒಳಗಿನಿಂದ "ಬಾ" ಎನ್ನುವವರೆಗೆ ಕಾಲಿಡುತ್ತಿರಲಿಲ್ಲ. ರಜೆ ಮುಗಿದ ದಿನ ಹೊಸ್ತಿಲೀಚೆ ನಿಂತು, ಅದೇ ಚೀಲ ಹೆಗಲಿಗೇರಿಸಿ, ಅದೇ ದನಿಯಲ್ಲಿ "ಬರ್ಲಾ?" ಎನ್ನುತ್ತಿದ್ದೆ. ಆಗಲೂ ಅಮ್ಮನದು ಅದೇ "ಬಾ". ಹೋಗುತ್ತೇನೆ ಎನ್ನಲು ನಮ್ಮವರಿಗೆ ಬಾಯಿ ಬರುವುದಿಲ್ಲ; ಹೊರಟು ನಿಂತವನೂ ಬರುತ್ತೇನೆ ಎಂದೇ ಹೇಳುತ್ತಾನೆ. ನೀನು ಮನೆಗೆ ಬರಲು ಕೇಳುತ್ತಿದ್ದೀಯೋ, ನಮ್ಮನ್ನೆಲ್ಲ ಬಿಟ್ಟು ಹೊರಡಲು ಕೇಳುತ್ತಿದ್ದೀಯೋ, ಬರೀ ಮೂರು ಅಕ್ಷರದಲ್ಲಿ ನಾನು ಹೇಗೆ ತಿಳಿಯಲಿ? ಮೊದಲನೆಯದಾದರೆ ಊರಿಗೆಲ್ಲ ಕೇಳುವಂತೆ ಬಾ ಎಂದು ಕೂಗುತ್ತೇನೆ. ಎರಡನೆಯದಾದರೆ ಆ ಮಾತು ನನ್ನ ಬಾಯಿಂದ ಬರುವುದಿಲ್ಲ. ನಾನು ಹೇಳುವವರೆಗೆ ನೀನು ಹೊರಡಲಾರೆ ಎಂದು ನನಗೊಂದು ಹುಚ್ಚು ನಂಬಿಕೆ.

ಮಕ್ಕಳಿಗೂ ಏನೋ ತಿಳಿದಿದೆ. ಮೊದಲೆಲ್ಲ ಓದಿ ಮುಗಿಸಿ ನನ್ನ ಮುಖ ನೋಡುತ್ತಿದ್ದರು, ಸರಿಯಾಯಿತೇ ಎಂದು. ಈಗ ಬ, ರ, ಲ ಎಂದವರೇ ಬಾಗಿಲ ಕಡೆಗೆ ತಿರುಗಿ ಸುಮ್ಮನೆ ಕೂರುತ್ತಾರೆ. ನಿನ್ನೆ ಆ ಪುಟ್ಟಿ ಮೆಲ್ಲಗೆ, "ಮಿಸ್, ಬಾ ಅನ್ಲಾ?" ಎಂದಳು. ನಾನು ಓಡಿಹೋಗಿ ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಬೇಡ ಪುಟ್ಟಿ, ಯಾರೂ ಏನೂ ಅನ್ನಬೇಡಿ ಎಂದೆ. ಅವಳು ನನ್ನ ಕೈ ಸರಿಸಿ, "ಅವ್ರು ಆಗ್ಲಿಂದ ನಿಂತೇ ಇದಾರೆ ಮಿಸ್" ಎಂದಳು.

ಈಗ ಮಕ್ಕಳು ಬಯಲಿನಲ್ಲಿದ್ದಾರೆ. ಗದ್ದಲ ಕೇಳಿಸುತ್ತಿದೆ. ಡ್ರಿಲ್ ಮೇಷ್ಟ್ರು ಸಿಳ್ಳೆ ಊದಿದರೆ ಮುಂದಿನ ತರಗತಿ ಬರುತ್ತದೆ, ಅಷ್ಟರಲ್ಲಿ ಮುಗಿಸಬೇಕು. ಎಲ್ಲಿದ್ದರೂ ಹೊತ್ತು ಹೊತ್ತಿಗೆ ಊಟ ಮಾಡು. ಕನ್ನಡಕ ಜೋಪಾನ. ನಿನ್ನ ಜೊತೆಯ ಅಡುಗೆಯವನಿಗೂ, ಇಸ್ಪೀಟಿನಲ್ಲಿ ನಿನಗೆ ಸೋಲುವ ಆ ರೇಡಿಯೋದವನಿಗೂ ನನ್ನ ನಮಸ್ಕಾರ ತಿಳಿಸು. ನೀರು ನಿನ್ನನ್ನು ತಣ್ಣಗೆ ಕಾಯಲಿ, ಒಳ್ಳೆಯ ಗಾಳಿ ನಿನ್ನನ್ನು ನಮ್ಮ ಬಾಗಿಲಿಗೆ ತಂದು ಬಿಡಲಿ.

ನಿನ್ನ ತಂಗಿ,
ದಡಬಡ

ಮತ್ತೆ: ಮನೆಗೆ ಬಂದು, ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಇಷ್ಟು. ಮಧ್ಯಾಹ್ನದ ತರಗತಿಯಲ್ಲಿ ಒಬ್ಬರೂ ಕೆಳಗಿನ ಸಾಲು ಓದಲಿಲ್ಲ. ಪುಟ್ಟಿಯನ್ನು ಹುಡುಕಿ ಕರೆಸಿ ಕೂರಿಸಿದೆ. "ಈಗ ಖಾಲಿ ಮಿಸ್" ಎಂದಳು. ರಜೆ ಹೇಳಿ ಮನೆಗೆ ಓಡಿ ಬಂದೆ. ಅಮ್ಮ ಮುಂದಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಾ ಕೂತಿದ್ದಳು. ಮುಖದಲ್ಲಿ ಎಷ್ಟೋ ದಿನದಿಂದ ಇಲ್ಲದ ಕಳೆ. ನಾನು ಚಪ್ಪಲಿ ಬಿಡುವ ಮೊದಲೇ ಹೇಳಿದಳು, "ನಿಮ್ಮಣ್ಣ ಬಾಗ್ಲಲ್ಲಿ ನಿಂತು ಬರ್ಲಾ ಅಂದ. ಬಾ ಮಗಾ ಅಂದೆ. ಆಮೇಲೆ ಸದ್ದೇ ಇಲ್ಲ. ನನಗೆ ಬರೀ ನೆರಳು ಕಂಡಿದ್ದು. ಹೊಸ್ತಿಲ ಆ ಕಡೆ ನಿಂತಿದ್ನೋ ಈ ಕಡೆ ನಿಂತಿದ್ನೋ, ನೋಡು ಸ್ವಲ್ಪ." ನಾನು ಮನೆಯೆಲ್ಲ ನೋಡಿದೆ, ಬೀದಿಯನ್ನೂ ನೋಡಿದೆ. ಅಣ್ಣಾ, ದೀರ್ಘ ಬಿಟ್ಟರೂ ಚಿಂತೆಯಿಲ್ಲ, ಒಂದು ಸಾಲು ಬರೆ. ನೀನು ನಿಂತಿದ್ದದ್ದು ಯಾವ ಕಡೆ? ಅಲ್ಲಿಯವರೆಗೆ ಬಾಗಿಲು ತೆರೆದೇ ಇಟ್ಟಿರುತ್ತೇನೆ. ಎರಡಕ್ಕೂ ಅನುಕೂಲ.