ಕ್ಲಿಫರ್ಡನ ಮೌತ್‌ಪೀಸ್

ಆಲ್ಡರ್‌ಕ್ಲಫ್, ಯಾರ್ಕ್‌ಶೈರ್
ಸೋಮವಾರ, 19 ಮೇ 1986

ಎನಿಡ್,

ಪ್ರತಿ ಸಲ ಬರೆಯುವ ‘ಪ್ರೀತಿಯ’ ಎಂಬ ಮಾತನ್ನು ಈ ಸಲ ಬರೆಯಲು ಕೈ ಬರಲಿಲ್ಲ. ಎದುರು ಬೀದಿಯಲ್ಲೇ ಇರುವವಳಿಗೆ ಕಾಗದವೇಕೆ ಎಂದುಕೊಳ್ಳಬೇಡ. ಎದುರಿಗೆ ಬಂದರೆ ನಾನು ಮತ್ತೆ ಮಳೆಯ ಮಾತಾಡಿ, ನಿನಗೆ ಟೀ ಮಾಡಿಕೊಟ್ಟು ಕಳಿಸಿಬಿಡುತ್ತೇನೆ.

ಕ್ಲಿಫರ್ಡನನ್ನು ಮಣ್ಣು ಮಾಡಿದ ವಾರವೇ ನೀನೂ ನಿನ್ನ ಗಂಡ ನಾರ್ಮನ್ನೂ ನಿಂಬೆ ಕೇಕಿನ ಡಬ್ಬಿ ಹಿಡಿದು ಬಂದಿರಿ. ನೋಡಲು ಬಂದರಲ್ಲ ಎಂದು ಒಳ್ಳೆಯ ಕಪ್ಪುಗಳನ್ನು ಹೊರತೆಗೆದೆ. ನಾರ್ಮನ್ ಕೋಟು ಬಿಚ್ಚಲಿಲ್ಲ. ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಕೂತಿದ್ದ. ಮಳೆಯಾಯಿತು, ಬಸ್ಸು ತಡವಾಗುವುದಾಯಿತು, ಪಾದ್ರಿಯ ಸೊಂಟನೋವೂ ಆಯಿತು. ಸತ್ತವನ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಎರಡನೇ ಕಪ್ಪಿಗೆ ನಾರ್ಮನ್ ಗಂಟಲು ಸರಿಮಾಡಿಕೊಂಡ. “ಅವಸರ ಏನಿಲ್ಲ ಕಣಮ್ಮ ಮೇವಿಸ್, ಆದ್ರೆ ಹಬ್ಬದ ಶುಕ್ರವಾರ ಬಂದೇಬಿಡ್ತಲ್ಲ. ಮೆರವಣಿಗೇಲಿ ಯೂಫೋನಿಯಂ ಇಲ್ದೆ ಹೋದ್ರೆ ಬ್ಯಾಂಡು ಹಲ್ಲು ಬಿದ್ದ ಬಾಯಿ ಇದ್ದಂಗೆ” ಎಂದ. ತನ್ನ ಮಾತಿಗೆ ತಾನೇ ನಕ್ಕ. ನೀನೂ ನಕ್ಕೆ.

ನಾನು “ಅಯ್ಯೋ, ಅದಕ್ಕೇನಂತೆ, ತಗೊಂಡ್ಹೋಗಿ” ಎಂದೆ. ವಾದ್ಯದ ಪೆಟ್ಟಿಗೆಯ ಮೇಲೆ ಧೂಳಿದೆ, ಕ್ಷಮಿಸಿ ಎಂದೂ ಹೇಳಿದೆ. ಗಂಡನನ್ನು ಕಳೆದುಕೊಂಡವಳು ನಾನು, ಕ್ಷಮೆ ಕೇಳಿದವಳೂ ನಾನು! ನಾರ್ಮನ್‌ಗೆ ಬಾಗಿಲು ಹಿಡಿದು ನಿಂತು ಥ್ಯಾಂಕ್ಸ್ ಬೇರೆ ಹೇಳಿದೆ. ನಮ್ಮೂರಿನವರಿಗೆ ಮನೆ ಹೊತ್ತಿ ಉರಿದರೂ ಮೊದಲು ಬಾಯಿಗೆ ಬರುವುದು ಅದೇ.

ಆ ದೊಡ್ಡ ಹಿತ್ತಾಳೆಯ ವಾದ್ಯ ಬ್ಯಾಂಡಿನದು, ಒಪ್ಪಿದೆ. ಆದರೆ ಅದರ ತುದಿಗೆ ಸಿಕ್ಕಿಸುವ ಮೌತ್‌ಪೀಸ್ ಊದುವವನದು. ಬ್ಯಾಂಡಿನ ಕಾರ್ಯದರ್ಶಿ ನಾರ್ಮನ್‌ಗೆ ಇದು ಗೊತ್ತಿಲ್ಲವೇ? ಮಿಲ್ಲಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಶೆಡ್ಡಿನಲ್ಲಿ ಭಾನುವಾರವೂ ದುಡಿದು ಕ್ಲಿಫರ್ಡ್ ಅದನ್ನು ಕೊಂಡಿದ್ದ. ಚಳಿಗಾಲದಲ್ಲಿ ಬೆಚ್ಚಗಿರಲೆಂದು ಪ್ಯಾಂಟಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ. ಊದಲು ಉಸಿರು ಸಾಲದ ಕೊನೆಯ ತಿಂಗಳಲ್ಲೂ ಅದೊಂದನ್ನೇ ತುಟಿಗಿಟ್ಟು ಬಾಟಲಿಯಲ್ಲಿ ಸಿಕ್ಕಿದ ನೊಣದ ಹಾಗೆ ಗುಂಯ್‌ಗುಡಿಸುತ್ತಿದ್ದ. ಆಸ್ಪತ್ರೆಗೆ ಹೊರಟ ಬೆಳಿಗ್ಗೆ ತಾನೇ ಅದನ್ನು ಪೆಟ್ಟಿಗೆಯೊಳಗಿಟ್ಟ. “ಇಲ್ಲೇ ಇರ್ಲಿ ಮೇವಿಸ್, ವಾರ್ಡಿನೋರು ಎಲ್ಲಾದ್ರೂ ಕಳೆದುಬಿಡ್ತಾರೆ” ಎಂದ. ವಾರ್ಡಿನವರು ಕಳೆಯಲಿಲ್ಲ. ಸ್ನೇಹಿತರು ಹೊತ್ತುಕೊಂಡು ಹೋದರು.

ನೀವು ಹೋಗಿ ಎರಡು ದಿನದ ಮೇಲೆ, ಅದೂ ಪೆಟ್ಟಿಗೆಯಲ್ಲೇ ಹೋಯಿತೆಂದು ನೆನಪಾಗಿ ಫೋನು ಮಾಡಿದೆ. ಹೊಸದಾಗಿ ಊದಲು ಬಂದ ಟ್ರೆವರ್‌ಗೆ ಅದು ಚೆನ್ನಾಗಿ ಒಗ್ಗಿದೆಯಂತೆ, ನಾರ್ಮನ್ ಸಂತೋಷದಿಂದ ಹೇಳಿದ. ಆಮೇಲೆ ನೀನು ಫೋನು ತೆಗೆದುಕೊಂಡು ಏನಂದೆ, ನೆನಪಿದೆಯಾ? “ಒಂದು ತುಂಡು ಲೋಹಕ್ಕೆ ಇಷ್ಟೊಂದಾ ಮೇವಿಸ್? ಬಿಸಿಬಿಸಿ ಟೀ ಕುಡಿ, ಸರಿಹೋಗುತ್ತೆ.” ಕುಡಿದೆ. ಸರಿಹೋಗಲಿಲ್ಲ.

ನಾರ್ಮನ್‌ಗಿಂತ ನಿನ್ನ ಮೇಲೆ ನನಗೆ ಹೆಚ್ಚು ಸಿಟ್ಟು. ಒಂದೇ ಬೆಂಚಿನಲ್ಲಿ ಕೂತು ಓದಿದವಳು ನೀನು. ನಾನು ನಗುತ್ತ ‘ತಗೊಂಡ್ಹೋಗಿ’ ಎಂದಾಗ ಕಪ್ಪು ಬಿಟ್ಟು ಸಾಸರಿಗೆ ಟೀ ಸುರಿದದ್ದನ್ನು ಕಂಡವಳೂ ನೀನೇ. ಕಂಡು, ಕೇಕಿನ ಇನ್ನೊಂದು ಚೂರು ತೆಗೆದುಕೊಂಡೆ.

ಈ ಶುಕ್ರವಾರ ಬ್ಯಾಂಡು ನನ್ನ ಬಾಗಿಲ ಮುಂದೆಯೇ ಹಾಯುತ್ತದೆ. ಅಷ್ಟರೊಳಗೆ ಮೌತ್‌ಪೀಸ್ ನನ್ನ ಕೈ ಸೇರಬೇಕು. ಇಲ್ಲವಾದರೆ ಏಪ್ರನ್ನಿನಲ್ಲೇ ಬೀದಿಗಿಳಿದು, ಮೆರವಣಿಗೆಯ ನಡುವೆ ನಿಂತು, ಟ್ರೆವರ್‌ನ ಬಾಯಿಂದಲೇ ಕಿತ್ತುಕೊಳ್ಳುತ್ತೇನೆ. ಬೀದಿರಂಪ ಮಾಡಿದವಳಲ್ಲ ನಾನು, ನಿನಗೇ ಗೊತ್ತು. ಈ ಸಲ ಇಡೀ ಊರು ನೋಡಲಿ. ನನ್ನ ಗಂಡನ ಸ್ವತ್ತನ್ನು ನಾನು ಕೇಳುತ್ತಿದ್ದೇನೆ, ನ್ಯಾಯದ ಮಾತು, ಬೇರೇನೂ ಇಲ್ಲ.

ನಿನ್ನ ಕೇಕ್ ಡಬ್ಬಿಯನ್ನು ತೊಳೆದು ಹೊಸ್ತಿಲ ಹೊರಗೆ ಇಟ್ಟಿದ್ದೇನೆ. ಬರಿಗೈಯಲ್ಲಿ ಬಂದರೆ ಅದನ್ನೆತ್ತಿಕೊಂಡು ಹಾಗೇ ಹೋಗು, ಬಾಗಿಲು ತಟ್ಟಬೇಡ.

ಮೇವಿಸ್

ಮರೆತ ಮಾತು: ಟ್ರೆವರ್‌ಗೆ ಕೊಡುವ ಮೊದಲು ಅದನ್ನು ಬಿಸಿನೀರಿನಲ್ಲಿ ತೊಳೆದಿರಾ? ತೊಳೆದಿದ್ದರೆ ನನಗೆ ಹೇಳಬೇಡ ಎನಿಡ್. ಇಲ್ಲ ಎಂದುಬಿಡು. ಕ್ಲಿಫರ್ಡನ ತುಟಿ ತಾಗಿದ್ದು ಈ ಮನೆಯಲ್ಲಿ ಇನ್ನೇನೂ ಉಳಿದಿಲ್ಲ. ಅವನ ಕಪ್ಪನ್ನು ನಾನೇ, ನೀವು ಬರುತ್ತೀರೆಂದು, ತೊಳೆದಿಟ್ಟೆ.