ತೋಡಾರಿನ ನಿಲ್ದಾಣಕ್ಕೆ ನನ್ನ ಸಹಿ

ಪ್ರೀತಿಯ ಶೇಖರ ಮಾವನಿಗೆ,

ಮಂಗಳೂರಿನ ಲೈಟ್ ರೈಲು ಮೂಡುಬಿದಿರೆಯವರೆಗೂ ಬರುತ್ತದಂತೆ, ನಮ್ಮ ತೋಡಾರಿನಲ್ಲೇ ನಿಲ್ದಾಣವಂತೆ! ಇಲ್ಲಿ ಬೆಂಗಳೂರಿನಲ್ಲಿ ಪೇಪರ್ ಓದಿ ನಾನು ಕುಣಿದೇಬಿಟ್ಟೆ. ನನ್ನ ಗಂಡ ಶೋಧನ್ ಸೌಟು ಹಿಡಿದುಕೊಂಡೇ ಓಡಿಬಂದರು. ವಾರಕ್ಕೆರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್ ಮುಗಿಸಿ ಬಸ್ಸಿನಲ್ಲಿ ನಿಂತು ಬರುವ ಅಮ್ಮ ಇನ್ನು ಕೂತು ಬರಬಹುದು ಅಂದುಕೊಂಡೆ.

ಆಮೇಲೆ ನಿಮ್ಮ ಆಕ್ಷೇಪಣೆ ಪತ್ರದ ಫೋಟೋ ಬಂತು. ನಿಲ್ದಾಣಕ್ಕೆ ಕುಟುಂಬದ ಗದ್ದೆ ಕೊಡುವುದಿಲ್ಲ ಎಂದು ಬರೆದು, ಕೆಳಗೆ ನನ್ನ ಸಹಿಯನ್ನೂ ನೀವೇ ಹಾಕಿದ್ದೀರಿ. ಅದೂ ಕನ್ನಡದಲ್ಲಿ! ನಾನು ಶಾಲೆಯ ದಿನಗಳಿಂದಲೂ ಇಂಗ್ಲಿಷಿನಲ್ಲಿ ಸಹಿ ಹಾಕುವವಳು. ಫೋನಿನಲ್ಲಿ ಕೇಳಿದರೆ, "ಮದುವೆಯಾಗಿ ಹೋದವಳಿಗೆ ಗದ್ದೆಯ ಚಿಂತೆ ಎಂತಕ್ಕೆ ಮಾರಾಯ್ತಿ?" ಅಂದಿರಿ.

ಮಾವ, ನಮ್ಮದು ಅಳಿಯಕಟ್ಟಿನ ಮನೆ. ಅಲ್ಲಿ ಪಾಲು ಅಮ್ಮನಿಂದ ನನಗೆ ಬರುತ್ತದೆ, ನಿಮ್ಮ ಮಕ್ಕಳಿಗಲ್ಲ. ಯಜಮಾನರೆಂದು ನಿಮ್ಮ ಕಾಲು ಹಿಡಿಯುತ್ತೇನೆ, ಆದರೆ ಹತ್ತು ವರ್ಷ ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆಗೆ ಅಮ್ಮನನ್ನು ಬಲಿ ಕೊಡುವುದಿಲ್ಲ.

ಆಕ್ಷೇಪಣೆಗಳ ಬಗ್ಗೆ ಸೋಮವಾರ ನಡೆಯುವ ವಿಚಾರಣೆಯಲ್ಲಿ ಆ ಸಹಿ ನನ್ನದಲ್ಲವೆಂದು ನಾನೇ ಹೇಳುತ್ತೇನೆ. ಅಷ್ಟರೊಳಗೆ ನೀವೇ ಪತ್ರ ಹಿಂತೆಗೆದರೆ ನಿಮ್ಮ ಮರ್ಯಾದೆ ಉಳಿಯುತ್ತದೆ. ಗದ್ದೆಯ ಪಹಣಿ ತೆಗೆದಿಡಿ. ಅಮ್ಮನನ್ನು ಹೆದರಿಸಬೇಡಿ. ನನ್ನನ್ನು ಕರೆದುಕೊಂಡು ಹೋಗಲು ಜೀಪು ಕಳಿಸುವುದು ಬೇಡ. ಭಾನುವಾರ ಯಶವಂತಪುರದ ಹಗಲು ರೈಲಿನಲ್ಲಿ ಬಂದು ಬಂಟ್ವಾಳದಲ್ಲಿ ಇಳಿಯುತ್ತೇನೆ.

ನಿಮ್ಮ ತಂಗಿಯ ಮಗಳು,
ಸಾತ್ವಿಕಾ