ನಾನು ಕಿತ್ತ ಪ್ಲಗ್

ಇವಳೇ,

ಆಸ್ಪತ್ರೆಯ ಸರ್ವರ್ ಏಳುತ್ತಿಲ್ಲವೆಂದು ನೀನು ಎರಡು ದಿನದಿಂದ ಮನೆಗೇ ಬಂದಿಲ್ಲ. ಫೋನ್ ಮಾಡಿದರೆ ನಿನ್ನ ಜೊತೆ ಕೆಲಸ ಮಾಡುವ ಆ ಕನ್ನಡಕದವನು ಎತ್ತಿ, "ಮೇಡಂ ಬಿಜಿ ಇದ್ದಾರೆ ಸರ್, ಅರ್ಧಕ್ಕೆ ನಿಂತ ದಾಖಲೆಗಳನ್ನೆಲ್ಲ ಸರಿ ಮಾಡ್ತಿದ್ದಾರೆ" ಅನ್ನುತ್ತಾನೆ. ನಿನ್ನ ಫೋನು ಅವನ ಕೈಯಲ್ಲೇಕೆ ಎಂದು ನಾನು ಕೇಳಲಿಲ್ಲ.

ಸರ್ವರಿನ ಪ್ಲಗ್ ಕಿತ್ತದ್ದು ನೀವೆಲ್ಲ ಅಂದುಕೊಂಡಂತೆ ಕಸ ಗುಡಿಸುವ ಅಮ್ಮನಲ್ಲ. ಆಕೆಯನ್ನು ಕೆಲಸದಿಂದ ತೆಗೆಯಬೇಡಿ. ಮೊನ್ನೆ ನಿಮ್ಮ ಸರ್ವರ್ ಕೋಣೆಯ ಕಿಟಕಿ ಕರ್ಟನ್ನಿಗೆ ಅಳತೆ ತೆಗೆಯಲು ಬಂದಿದ್ದೆನಲ್ಲ, ಆಗ ನಾನೇ ಕಿತ್ತೆ. ಗಾಜಿನಾಚೆ ನೀವಿಬ್ಬರೂ ಒಂದೇ ಕಂಪ್ಯೂಟರ್ ನೋಡಿಕೊಂಡು ನಗುತ್ತಿದ್ದಿರಿ. ಯಂತ್ರ ನಿಂತರೆ ಮನೆಗೆ ಬರುತ್ತೀ ಅಂದುಕೊಂಡೆ. ನನ್ನ ಹೊಲಿಗೆ ಯಂತ್ರದ ಪ್ಲಗ್ ಕಿತ್ತರೆ ಅಂದಿನ ಕೆಲಸ ಮುಗಿದಂತೆ; ಮತ್ತೆ ಹಾಕಿದರೆ ಬಿಟ್ಟ ಹೊಲಿಗೆಯಿಂದಲೇ ಶುರು. ನಿನ್ನದು ಹಾಗಲ್ಲವೆಂದು ನನಗೇನು ಗೊತ್ತು? ಕೊನೆಗೆ ಅವನ ಪಕ್ಕದಲ್ಲಿ ನಿನ್ನನ್ನು ಎರಡು ದಿನ ಕೂರಿಸಿದವನು ನಾನೇ ಆದೆ.

ಈ ಪತ್ರವನ್ನು ನಿನ್ನ ಮೇಲಿನವರಿಗೆ ತೋರಿಸು. ಡಬ್ಬಿಯಲ್ಲಿ ಅವನಿಗೂ ಊಟ ಹಾಕಿ ಕಳಿಸಿದ್ದೇನೆ. ಚಮಚ ಎರಡು ಇಟ್ಟಿದ್ದೇನೆ, ನೆನಪಿರಲಿ.

ನಿನ್ನ ಗಂಡ